ಜೀರುಂಡೆಯ ಹೋಮ್ ಫೋಲ್ಡರ್

"ಮತ್ತೆ ಎರರ್ರಾ?"

ಸಂಶೋಧನಾಲಯದ ಸರ್ವರ್ ನೋಡಿಕೊಳ್ಳುವವನು ತಲೆ ಎತ್ತದೆಯೇ ಕೇಳಿದ. ಎದುರಿಗೆ ಲ್ಯಾಪ್‌ಟಾಪ್ ಅಪ್ಪಿಕೊಂಡು ನಿಂತವಳು ಕೀಟಗಳ ದನಿ ಅಳೆಯುವ ಸಂಶೋಧಕಿ. ಎಲ್ಲರ ಬಾಯಲ್ಲೂ ಅವಳು ಜೀರುಂಡೆ.

"ಪ್ರೋಗ್ರಾಂ ಓಡೋಕೆ ಬೇಕಾದ ಒಂದು ಲೈಬ್ರರಿ ಹಾಕಿದ್ರೆ ಇನ್ನೊಂದು ಬೇಕು ಅನ್ನುತ್ತೆ. ಅದನ್ನ ಹಾಕಿದ್ರೆ ಮತ್ತೊಂದು. ಹನುಮಂತನ ಬಾಲ."

"ಎಲ್ಲಾ ಸರ್ವರಿನಲ್ಲಿ ನಿಮಗೇ ಅಂತ ಇರೋ ಹೋಮ್ ಫೋಲ್ಡರ್‌ಗೇ ಹಾಕ್ಕೋಬೇಕು. ಎಲ್ಲರೂ ಬಳಸೋ ಜಾಗ ಮುಟ್ಟೋ ಹಾಗಿಲ್ಲ. ಕೂತ್ಕೊಳ್ಳಿ."

ಅವಳು ಕೂತಳು. ಇನ್ನೇನು ಅವನು ಬಗ್ಗಿ ಟೈಪ್ ಮಾಡುತ್ತಾನೆ, ಗಲ್ಲದ ಮಚ್ಚೆ ತೀರಾ ಹತ್ತಿರ ಬರುತ್ತದೆ. ಆ ಮಚ್ಚೆಗಾಗಿಯೇ ಮಹಾರಾಯಿತಿ ಬೆಳಿಗ್ಗೆ ಚೆನ್ನಾಗಿ ಓಡುತ್ತಿದ್ದ ಪ್ರೋಗ್ರಾಮಿನ ಲೈಬ್ರರಿಗಳನ್ನು ಕೈಯಾರೆ ಅಳಿಸಿ ಬಂದಿದ್ದಳು. ಹೋದ ವಾರವೂ ಅಷ್ಟೇ.

"ನೀನೇ ಕೆಡಿಸಿ ನೀನೇ ಅಳ್ತೀಯಲ್ಲೇ, ಬಾಯಿ ಬಿಟ್ಟು ಹೇಳೋಕೇನು ರೋಗ?" ಎಂದು ಅಕ್ಕ ಬೈದಿದ್ದಳು. ಹೇಳುವುದಕ್ಕೆ ನಾಲಿಗೆ ಏಳಬೇಕಲ್ಲ.

ಇವತ್ತು ಅವನು ಬಗ್ಗಲಿಲ್ಲ.

"ನೀವೇ ಮಾಡಿ. ನಾಳೆಯಿಂದ ನಾನು ಬೇರೆ ಆಫೀಸು. ನೀವು ಕಲೀದೆ ಇದ್ರೆ ನಿಮ್ಮ ಕೆಲಸ ನಿಂತುಹೋಗುತ್ತೆ. ನನಗೆ ಅದೇ ಚಿಂತೆ."

ಈ ಕೆಲಸ ತನಗೆ ಬರುವುದಿಲ್ಲ ಎಂದರೆ ಅವನು ಚಿಂತೆ ಹೊತ್ತು ಹೋಗುತ್ತಾನೆ. ಬರುತ್ತದೆ ಎಂದರೆ ಮಾನ ಹೋಗುತ್ತದೆ. ದುಃಖಕ್ಕಿಂತ ಮೊದಲು ಸಿಟ್ಟು ಬಂತು. ಹೋಗುವ ಹಿಂದಿನ ದಿನ ಹೇಳುವುದೇ? ಸಿಟ್ಟಿನಲ್ಲೇ ಬೆರಳುಗಳು ಓಡಿದವು. ತನ್ನ ಫೋಲ್ಡರ್ ತೆರೆದಳು, ಒಂದು ಲೈಬ್ರರಿ, ಅದು ಕೇಳಿದ ಇನ್ನೊಂದು, ಅದು ಕೇಳಿದ ಮತ್ತೊಂದು, ಎಲ್ಲವನ್ನೂ ಸರಸರನೆ ಇಳಿಸಿದಳು. ಎಲ್ಲೂ ತಡವರಿಸಲಿಲ್ಲ. ಪ್ರೋಗ್ರಾಂ ಓಡಿತು.

ಅವನು ಬೆಪ್ಪಾಗಿ ನಿಂತಿದ್ದ.

"ನಿಮಗೆ ಬರುತ್ತೆ."

"ಹೂಂ."

"ಯಾವಾಗಿಂದ?"

"ಮೊದಲಿಂದ. ನಿಮ್ಮನ್ನ ನೋಡೋ ಆಸೆಗೆ ನಾನೇ ಎಲ್ಲಾ ಅಳಿಸಿ ಬರ್ತಿದ್ದೆ. ನಗೋದಿದ್ರೆ ಈಗಲೇ ನಕ್ಕುಬಿಡಿ."

ಅವನು ನಗಲಿಲ್ಲ. ಕಿವಿ ಕೆಂಪಗಾಗಿತ್ತು.

"ಆ ಲೈಬ್ರರಿಗಳನ್ನೆಲ್ಲಾ ಎಲ್ಲರಿಗೂ ಸಿಗೋ ಹಾಗೆ ನಾನೇ ಹಾಕ್ಬಹುದಿತ್ತು. ಚಿಟಿಕೆ ಹೊಡೆಯೋ ಕೆಲಸ. ನಿಮ್ಮ ಗೈಡ್ ಕೇಳಿದ್ರು ಕೂಡ. ಹಾಗೆ ಹಾಕೋಕೆ ರೂಲ್ಸ್ ಇಲ್ಲ ಅಂದುಬಿಟ್ಟೆ."

"ರೂಲ್ಸ್ ಇತ್ತಾ?"

"ಇತ್ತು. ಹಾಕಿಬಿಟ್ಟಿದ್ರೆ ನೀವ್ಯಾಕೆ ಬರ್ತಿದ್ರಿ?"

ಇಬ್ಬರು ಕಳ್ಳರು ಒಂದೇ ಮನೆಗೆ ಕನ್ನ ಹಾಕಿ ಕತ್ತಲಲ್ಲಿ ಢಿಕ್ಕಿ ಹೊಡೆದಂತಾಯಿತು. ಅವಳಿಗೆ ನಗು ತಡೆಯಲಾಗಲಿಲ್ಲ, ಕಣ್ಣೀರೂ ತಡೆಯಲಾಗಲಿಲ್ಲ.

"ಆ ಹೊಸ ಆಫೀಸಿಗೆ ನಾನು ಏನು ನೆಪ ಹೇಳ್ಕೊಂಡು ಬರ್ಲಿ?"

"ನೀವು ಬಂದಿದ್ದು ಸಾಕು," ಎಂದ ಅವನು. "ಇನ್ಮೇಲೆ ನಾನು ಬರ್ತೀನಿ. ನೆಪ ಇಲ್ಲದೆ."