ಡಿಕ್ಕಿಯೊಳಗೆ ಅಪ್ಪ

"ಒಂದು ಬೀಗ ರಿಪೇರಿ ಮಾಡೋಕೆ ಬರದವನು ಅಂತ ಊರೆಲ್ಲ ಸಾರಿದವಳು ನೀನೇ ಅಲ್ವಾ? ಈಗ್ಯಾಕೆ ಕರೆದೆ?"

ಓಸ್ಮೋನ ಮಾತು ಹಿಮಗಾಳಿಗಿಂತ ಚೂಪಾಗಿತ್ತು. ಸೈಮಿ ಚರ್ಚಿನ ಮುಂದೆ ನಿಂತ ಕಾರಿನ ಕಡೆ ಕೈ ತೋರಿಸಿದಳು.

ಫಿನ್ಲೆಂಡಿನ ಆ ಕಡೆ ಹಳ್ಳಿಗಳಲ್ಲಿ ಸತ್ತವರನ್ನು ಮನೆಯವರೇ ತಮ್ಮ ಕಾರಿನಲ್ಲಿ ಚರ್ಚಿಗೆ ತರುವುದುಂಟು. ಅಪ್ಪ ಕಲೆರ್ವೋನ ಶವಪೆಟ್ಟಿಗೆಯನ್ನು ಸೈಮಿ ಅವನದೇ ಹಳೇ ಉದ್ದ ಕಾರಿನಲ್ಲಿ, ಹಿಂದಿನ ಸೀಟು ಮಡಚಿ, ತಂದಿದ್ದಳು. ಬೆಳಿಗ್ಗೆ ತೆರೆದಿದ್ದ ಡಿಕ್ಕಿ ಬಾಗಿಲು ಈಗ ಜಪ್ಪಯ್ಯ ಅಂದರೂ ತೆರೆಯುತ್ತಿಲ್ಲ! ಪಾದ್ರಿ ಕಾಯುತ್ತಿದ್ದಾರೆ. ತೋಡಿಟ್ಟ ಗುಂಡಿಯೂ ಕಾಯುತ್ತಿದೆ...

"ಈ ಹುಡುಗನೇ ತಾನೆ ಬೀಗ ಕೆಡಿಸಿದ್ದು?" ಅಪ್ಪನ ಅಕ್ಕ ಹಿಲ್ಯಾ ಅತ್ತೆ ಗೊಣಗಿದಳು.

ಹೋದ ವರ್ಷ, ಸೈಮಿಗೂ ಅವನಿಗೂ ಮದುವೆ ನಿಶ್ಚಯವಾಗಿದ್ದಾಗ, ಮೆಕ್ಯಾನಿಕ್ ಓಸ್ಮೋ ಈ ಬೀಗ ಬದಲಿಸಿದ್ದ. ವಾರದಲ್ಲೇ ಕೆಟ್ಟಿತು. ಮತ್ತೆ ಬದಲಿಸಿದ, ಮತ್ತೆ ಕೆಟ್ಟಿತು. 'ಮೋಸಗಾರ, ಹಳೇ ಮಾಲು ಹಾಕ್ತಾನೆ' ಎಂದ ಅಪ್ಪ. ಸೈಮಿ ನಂಬಿದಳು. ನೆಂಟರೆದುರೇ ಉಂಗುರ ಕಿತ್ತು ಅವನ ಕಾಫಿ ಬಟ್ಟಲಿಗೆ ಹಾಕಿ ನಕ್ಕಿದ್ದಳು!

"ಡಿಕ್ಕಿ ತೆರೆಯೋ ಗುಂಡಿ ಒತ್ತು," ಎಂದ ಓಸ್ಮೋ.

ಒತ್ತಿದಳು. ಟಕ್ ಎಂಬ ಸದ್ದೂ ಇಲ್ಲ.

"ಫ್ಯೂಸ್ ಸರಿಯಾಗಿದೆ. ಬೀಗದವರೆಗೆ ಕರೆಂಟೇ ಹೋಗ್ತಿಲ್ಲ. ತಂತಿ ಇರೋದು ಮೇಲೆ, ಛಾವಣಿ ಅಂಚಲ್ಲಿ. ಒಳಗಿಂದ ನೋಡ್ಬೇಕು."

ಒಳಗಾ? ಒಳಗೆಲ್ಲ ಅಪ್ಪನೇ!

ಓಸ್ಮೋ ಮುಂದಿನ ಸೀಟಿನಿಂದ ತೆವಳಿ ಪೆಟ್ಟಿಗೆಯ ಮೇಲೆ ಅಂಗಾತ ಮಲಗಿದ. "ಬದುಕಿದ್ದಾಗ ಅಳಿಯ ಅಂತ ಹೊಸ್ತಿಲು ದಾಟೋಕೆ ಬಿಡ್ಲಿಲ್ಲ. ಈಗ ನೋಡು, ಎದೆ ಮೇಲೇ ಹಾಸಿಗೆ ಹಾಸಿ ಕೊಟ್ಟಿದಾನೆ!"

ಮುಂದಿನ ಸೀಟಿನಿಂದ ಟಾರ್ಚು ಹಿಡಿದ ಸೈಮಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

ಛಾವಣಿಯ ಬಟ್ಟೆ ಕಿತ್ತ ಅವನ ಕೈ ಫಕ್ಕನೆ ನಿಂತಿತು.

"ಏನಾಯ್ತು?"

"ಏನಿಲ್ಲ... ಹಳೇ ತಂತಿ. ಸವೆದಿದೆ."

ಸುಳ್ಳು! ಟಾರ್ಚಿನ ಬೆಳಕಲ್ಲಿ ಅವಳೂ ಕಂಡಳು. ಇಕ್ಕಳದಿಂದ ನೀಟಾಗಿ ಕತ್ತರಿಸಿದ ತಂತಿ. ತುದಿಗಳನ್ನು ಸಡಿಲವಾಗಿ ಹೊಸೆದು, ಮೇಲೆ ಹಸಿರು ಟೇಪು. ಅಪ್ಪ ತನ್ನ ಗಾಳದ ಕೋಲಿಗೆ ಸುತ್ತುತ್ತಿದ್ದ ಅದೇ ಟೇಪು! ತುದಿಗಳು ತಾಗಿದರೆ ಬಾಗಿಲು ತೆರೆಯುತ್ತದೆ. ದಾರಿಯಲ್ಲಿ ಕಾರು ಕುಲುಕಿದರೆ ಇಲ್ಲ.

ಅಪ್ಪಾ... ನಮ್ಮ ಮದುವೆ ಮುರಿಯೋಕೆ ಬೀಗ ಕೆಡಿಸಿದ್ದು ನೀನಾ?

"ನನ್ನ ಹತ್ರ ಯಾಕೆ ಮುಚ್ಚಿಟ್ಟೆ?" ಅವಳು ಓಸ್ಮೋನನ್ನು ಕೇಳಿದಳು.

"ಮಣ್ಣು ಮಾಡೋ ದಿನ ಬೇಡ ಅನ್ನಿಸ್ತು. ನಾನೂ ದಡ್ಡನೇ. ಎರಡು ಸಲವೂ ಬೀಗಕ್ಕೇ ಬೈದೆ. ತಂತಿ ನೋಡ್ಲೇ ಇಲ್ಲ."

"ನಾನು ನಕ್ಕಿದ್ದೆ, ಓಸ್ಮೋ..."

"ಈಗಲೂ ಕೇಳಿಸ್ತದೆ ಆ ನಗು." ಅವನು ತಂತಿ ಬಿಗಿಯಾಗಿ ಹೊಸೆದ. "ಆದ್ರೂ ನೀನು ಫೋನ್ ಮಾಡಿದ ತಕ್ಷಣ ಓಡಿ ಬಂದೆ. ನನ್ನ ಪ್ರೀತಿಗೆ ನಾಚಿಕೆ ಅನ್ನೋದೇ ಇಲ್ಲ... ಒತ್ತು."

ಟಕ್! ಬಾಗಿಲು ಮೇಲೆದ್ದಿತು.

ಕೆಳಗಿಳಿದ ಓಸ್ಮೋ ಯಾರ ಮುಖವನ್ನೂ ನೋಡದೆ ಹೊರಟ.

"ಎಲ್ಲಿಗೆ? ಪೆಟ್ಟಿಗೆ ತಲೆ ಕಡೆ ಬಾ. ನನ್ನ ಎದುರು ಹಿಡ್ಕೋ," ಸೈಮಿ ಕೂಗಿದಳು.

"ಅದು ಮನೆಯವರು ಹಿಡಿಯೋ ಜಾಗ ಕಣೇ!" ಅತ್ತೆ ಚೀರಿದಳು.

"ಅದಕ್ಕೇ ಕರೀತಿರೋದು, ಅತ್ತೆ."

ಓಸ್ಮೋನ ಕಣ್ಣು ತುಂಬಿತು. ಪೆಟ್ಟಿಗೆಯ ಹಿಡಿಗೆ ಕೈ ಹಾಕಿ ಪಿಸುಗುಟ್ಟಿದ, "ನಿಮ್ಮಪ್ಪ ಒಪ್ತಾನಾ?"

ಸೈಮಿ ಕಣ್ಣೀರು ಒರೆಸಿಕೊಂಡಳು.

"ಒಪ್ಪಲ್ಲ ಅಂದ್ರೆ ಎದ್ದು ಬಂದು ಹೇಳ್ಲಿ."