ಕಂಡದ್ದಕ್ಕಿಂತ ಒಂದು ಗೇಣು ಕೆಳಗೆ

ಬಹಳ ಕಾಲದ ಹಿಂದೆ, ತಿಳಿಗೊಳ ಎಂಬ ರಾಜ್ಯದಲ್ಲಿ ಹೊನ್ನಿ ಎಂಬ ಬೆಸ್ತರ ಹೆಂಗಸಿದ್ದಳು. ಅವಳ ಗಂಡ ಬೀರ. ಇಬ್ಬರೂ ಒಂದೇ ದೋಣಿಯಲ್ಲಿ ನಿಂತು ಈಟಿಯಿಂದ ಮೀನು ಹೊಡೆಯುತ್ತಿದ್ದರು. ಮದುವೆಯಾದ ಹೊಸತರಲ್ಲಿ ಹೊನ್ನಿಯ ಈಟಿಗೆ ಒಂದು ಮೀನೂ ಸಿಕ್ಕುತ್ತಿರಲಿಲ್ಲ. ಬೀರ ನಗುತ್ತ ಹೇಳಿಕೊಟ್ಟಿದ್ದ: "ಕಂಡಲ್ಲಿಗೆ ಹೊಡೀಬೇಡ ಕಣೆ. ಒಂದು ಗೇಣು ಕೆಳಕ್ಕೆ ಹೊಡಿ. ನೀರು ಎಲ್ಲಾನೂ ಮೇಲೆತ್ತಿ ತೋರಿಸ್ತದೆ."

ಒಂದು ದಿನ ಕನ್ನಡಿಕೋಟೆಯ ಮಾಂತ್ರಿಕ ಬಿಂಬಕೇತ ಬೀರನನ್ನು ಹೊತ್ತೊಯ್ದ. ಯಾಕೆಂದು ಕೇಳಬೇಡಿ. ಬೇರೆಯವರು ಹಂಬಲಿಸುವುದನ್ನು ನೋಡುವುದೇ ಅವನಿಗೆ ಹಬ್ಬ.

ಮೂರು ವರ್ಷ ಕಳೆಯಿತು. ಬೀರ ಉಣ್ಣುತ್ತಿದ್ದ ಹಿತ್ತಾಳೆ ತಟ್ಟೆಯನ್ನು ಹೊನ್ನಿ ದಿನವೂ ಹುಣಿಸೆಹಣ್ಣು ಹಚ್ಚಿ ಬೆಳಗುತ್ತಿದ್ದಳು. ಬೆಳಗಿ ಬೆಳಗಿ ಅದು ಕನ್ನಡಿಯೇ ಆಯಿತು. ಅದರಲ್ಲಿ ತನ್ನದೊಂದೇ ಮುಖ ಕಂಡಾಗಲೆಲ್ಲ ಅವಳಿಗೆ ಅಳು ಬರುತ್ತಿತ್ತು. ಕೊನೆಗೊಂದು ಬೆಳಿಗ್ಗೆ ತಟ್ಟೆಯನ್ನು ಬೆನ್ನಿಗೆ ಕಟ್ಟಿ, ಈಟಿ ಹಿಡಿದು ಹೊರಟೇಬಿಟ್ಟಳು.

ಕೋಟೆಯ ಬಾಗಿಲು ದಾಟಿದರೆ ಒಂದು ಸುರಂಗ. ಅದರ ತಿರುವಿನಲ್ಲಿ ಎಮ್ಮೆಯಷ್ಟು ದೊಡ್ಡ ಬಾವಲಿ ಕಾವಲಿತ್ತು. ಬಿಸಿಲು ಬಾಗಿಲವರೆಗೆ ಬಂದು ನಿಂತಿತ್ತು. ಹೊನ್ನಿ ತಟ್ಟೆಯನ್ನು ಬಿಸಿಲಿಗೆ ಹಿಡಿದು ಓರೆ ಮಾಡಿದಳು. ಎಷ್ಟು ಓರೆಯಾಗಿ ಬಂತೋ ಅಷ್ಟೇ ಓರೆಯಾಗಿ ಬೆಳಕು ಆಚೆಗೆ ಹಾರಿ ಬಾವಲಿಯ ಕಣ್ಣಿಗೆ ಬಿತ್ತು. ಬಾವಲಿ ಕಿರುಚುತ್ತ ಹಾರಿಹೋಯಿತು.

ಸುರಂಗ ದಾಟಿದರೆ ಕನ್ನಡಿಗಳ ಅಂಗಳ. ಅಲ್ಲಿ ನೂರು ಮಂದಿ ಬೀರರು ಕೈಬೀಸಿ ಕರೆಯುತ್ತಿದ್ದರು. ಒಬ್ಬನನ್ನು ಮುಟ್ಟಿದರೂ ಮುಟ್ಟಿದವರು ಬಿಂಬವಾಗಿ ಕನ್ನಡಿಯೊಳಗೆ ಸೇರುತ್ತಿದ್ದರು. ಹೊನ್ನಿ ಅವರತ್ತ ಓಡಲು ಕಾಲೆತ್ತಿದವಳು ತಟ್ಟನೆ ನಿಂತಳು. ಬೀರ ಹಾಕುತ್ತಿದ್ದುದು ಒಂದೇ ಕಿವಿಯೊಂಟಿ, ಅದೂ ಎಡಗಿವಿಗೆ. ಇವರೆಲ್ಲರ ಒಂಟಿಯೂ ಬಲಗಿವಿಯಲ್ಲಿತ್ತು.

"ನೂರು ಜನ ಇದ್ದು ಏನು ಬಂತು, ಒಬ್ರೂ ನಮ್ಮೋರಲ್ಲ" ಎಂದು ಕಣ್ಣೊರೆಸಿಕೊಂಡು ಮುಂದೆ ನಡೆದಳು.

ಅದರಾಚೆಯ ಅಂಗಳದಲ್ಲಿ ತಿಳಿನೀರಿನ ಕೊಳ. ದಡದ ತುಂಬ ಕಲ್ಲಾಗಿ ನಿಂತ ರಾಜಕುಮಾರರು. ಬಿಂಬಕೇತ ಮೆಟ್ಟಿಲ ಮೇಲೆ ಕೂತಿದ್ದ. ತನ್ನನ್ನು ಯಾರೂ ಕೊಲ್ಲಲಾರರೆಂಬ ಜಂಬ ಅವನಿಗೆ.

"ಬಾಮ್ಮ. ಈ ಕೊಳದ ಚಿನ್ನದ ಮೀನಿನಲ್ಲಿ ನನ್ನ ಪ್ರಾಣವಿದೆ. ಒಂದೇ ಏಟು. ತಪ್ಪಿದರೆ ನೀನೂ ಕಲ್ಲು" ಎಂದ.

ರಾಜಕುಮಾರರು, ಪಾಪ, ಮೀನನ್ನು ಸಾರಿನಲ್ಲಷ್ಟೇ ಕಂಡವರು. ಎಲ್ಲರೂ ಕಂಡಲ್ಲಿಗೇ ಹೊಡೆದಿದ್ದರು.

ಹೊನ್ನಿ ಬಗ್ಗಿ ನೋಡಿದಳು. ಕೊಳದ ತಳದಲ್ಲಿ ಬೀರ ಕಣ್ಣು ತೆರೆದು ಮಲಗಿದ್ದ. ಒಂಟಿ ಎಡಗಿವಿಯಲ್ಲಿತ್ತು. ಮೂರು ವರ್ಷ ಹಂಬಲಿಸಿದ ಮುಖ! ನೀರಿಗೆ ಹಾರಿ ಅಪ್ಪಿಕೊಳ್ಳಬೇಕೆನ್ನಿಸಿತು. ಚಿನ್ನದ ಮೀನು ಅವನ ಎದೆಯ ಸ್ವಲ್ಪ ಮೇಲುಗಡೆ ಕಾಣುತ್ತಿತ್ತು. ಅದಕ್ಕಿಂತ ಒಂದು ಗೇಣು ಕೆಳಕ್ಕೆ ಗುರಿಯಿಟ್ಟರೆ ಕಾಣುವುದು ಬೀರನ ಎದೆ.

ಹೊನ್ನಿ ಈಟಿಯನ್ನು ಎತ್ತಿ ಹಿಡಿದಳು.

"ಏನೂಂದ್ರೆ, ಹೊಡೀಲಾ?" ಎಂದು ಕೇಳಿದಳು.

ಬೀರನಿಗೆ ಮಾತು ಕೇಳಿಸಿತೋ ಇಲ್ಲವೋ. ದೋಣಿಯಲ್ಲಿ ನಗುತ್ತಿದ್ದ ಹಾಗೆಯೇ ನಕ್ಕ. ಮೆಲ್ಲಗೆ ಕೈಯೆತ್ತಿ ತನ್ನ ಎದೆಯನ್ನು ತಟ್ಟಿ ತೋರಿಸಿದ.

ಹೊನ್ನಿ ಗಂಡನ ಎದೆಗೇ ಗುರಿಯಿಟ್ಟು ಈಟಿ ಎಸೆದಳು.

ಈಟಿ ಮೀನನ್ನು ಚುಚ್ಚಿ ನಿಂತಿತು. ಬೀರ ಕಂಡದ್ದಕ್ಕಿಂತ ಎಷ್ಟೋ ಆಳದಲ್ಲಿದ್ದ. ಬಿಂಬಕೇತ ಬೂದಿಯಾದ, ಕನ್ನಡಿಗಳು ಪುಡಿಯಾದವು, ಕಲ್ಲುಗಳು ಮೈಮುರಿದು ಎದ್ದವು. ನೀರು ಸುರಿಸುತ್ತ ಬೀರ ಮೆಟ್ಟಿಲೇರಿ ಬಂದ.

ರಾಜಕುಮಾರರು ತಮ್ಮ ತಮ್ಮ ಊರು ಸೇರಿ ಸುಖವಾಗಿದ್ದರು. ಮೀನು ಹೊಡೆಯಲು ಕಲಿತರೋ ಇಲ್ಲವೋ ತಿಳಿಯದು.

ಮನೆಯಲ್ಲಿ ಹೊನ್ನಿ ಅನ್ನ ಬಡಿಸಲೆಂದು ತಟ್ಟೆ ಒರೆಸುತ್ತಿದ್ದಳು. ಬೀರ ಹಿಂದಿನಿಂದ ಬಗ್ಗಿದ. ತಟ್ಟೆಯಲ್ಲಿ ಎರಡು ಮುಖ ಕಂಡವು. ಆದರೆ ಅವನ ಒಂಟಿ ಬಲಗಿವಿಯಲ್ಲಿತ್ತು.  ಹೊನ್ನಿ ಗಕ್ಕನೆ ತಿರುಗಿ ನೋಡಿದಳು. ಎಡಗಿವಿ.

"ಹಸಿವಾಗ್ತದೆ, ಬಡಿಸೆ" ಎಂದ ಬೀರ.

"ತಡೀರಿ" ಎಂದು ಹೊನ್ನಿ ಕೈಚಾಚಿ ಆ ಕಿವಿಯನ್ನು ಮುಟ್ಟಿ ನೋಡಿದಳು.