ಹಾಜರಿದ್ದವರು

ಫರ್ಗಸ್ ಲೇಡ್ಲಾ ಮೊದಲ ಸಲ ಲಿನೆಟ್‌ಳ ಮೇಜಿನ ಮುಂದೆ ಬಂದು ಕೂತಾಗ ಜಗಳಕ್ಕೆ ಬಂದವನ ಹಾಗಿದ್ದ. ಬಸ್ ಡ್ರೈವರನ ಕೋಟು ನೆನೆದು ತೊಪ್ಪೆಯಾಗಿತ್ತು. ಒಳಜೇಬಿನಿಂದ ಬ್ರೆಡ್ಡಿನ ಕವರೊಂದನ್ನು ಎಳೆದು, ಅದರೊಳಗಿದ್ದ ಹಳೇ ಕಾಗದವನ್ನು ಅವಳ ಮುಂದಿಟ್ಟ.

"ಇದನ್ನ ಓದಿ ಹೇಳೋಕೆ ಎಷ್ಟಾಗತ್ತೆ?"

"ಏನೂ ಆಗಲ್ಲ. ಕಾಗದಕ್ಕೆ ಬೆಣ್ಣೆ ಮೆತ್ತದೇ ಇದ್ರೆ ಸಾಕು."

ಅವನು ನಗಲಿಲ್ಲ. ಆದರೆ ಕೈ ಒರೆಸಿಕೊಂಡ. ಎರಡೂ ಕೈಗಳನ್ನು ಪ್ಯಾಂಟಿಗೆ ತಿಕ್ಕಿ, ತೊಳೆದು ಬಂದ ಮಗುವಿನ ಹಾಗೆ ಅವಳಿಗೆ ತೋರಿಸಿದ. ಲಿನೆಟ್‌ಗೆ ಅವನ ಮೇಲೆ ಮನಸ್ಸಾಗಿದ್ದು ಆವಾಗಲೇ ಇರಬೇಕು.

ಇಂಗ್ಲೆಂಡಿನ ಕಾರ್ಬಿ ಊರಿನ ಲೈಬ್ರರಿಯಲ್ಲಿ ಮಂಗಳವಾರ ಮಂಗಳವಾರ ಕೂತು, ವಂಶದ ಬೇರು ಹುಡುಕುವವರಿಗೆ ಹಳೇ ಜನನ ಪತ್ರ ಓದಿಕೊಡುವುದು ಲಿನೆಟ್ ಪಾಸ್ಕ್‌ಳ ಕೆಲಸ. ಸಂಬಳದ್ದಲ್ಲ. ಗಂಡ ಬಿಟ್ಟುಹೋದ ಮೇಲೆ ಮನೆಯ ಮೌನ ತಡೆಯಲಾರದೆ ಹತ್ತಿಸಿಕೊಂಡ ಚಟ. ಅವಳು ಓದಿದ್ದೆಲ್ಲ ಇಂಗ್ಲೆಂಡಿನ ಪತ್ರಗಳು. ಉಕ್ಕಿನ ಕಾರ್ಖಾನೆಗೆಂದು ಸ್ಕಾಟ್ಲೆಂಡಿನಿಂದ ಬಂದವರು ಆ ಊರಿನಲ್ಲಿ ಬೇಕಾದಷ್ಟಿದ್ದರು. ಆದರೆ ಅವರಿಗೆ ಮುತ್ತಜ್ಜಿಯ ಹೆಸರು ಕೂಡ ಬಾಯಿಪಾಠ, ಇವಳ ಮೇಜಿಗೆ ಯಾಕೆ ಬಂದಾರು?

ಫರ್ಗಸನ ತಾಯಿ ಎಫಿಗೆ ಮಾತ್ರ ಹೇಳಿಕೊಳ್ಳಲು ಯಾರೂ ಇರಲಿಲ್ಲ. ಅವಳು ಸ್ಕಾಟ್ಲೆಂಡಿನ ಗ್ಲಾಸ್ಗೋ ಕಡೆಯ ಅನಾಥಾಲಯದಲ್ಲಿ ಬೆಳೆದವಳು. ಈಗ ಶ್ವಾಸಕೋಶದಲ್ಲಿ ಗಡ್ಡೆ ಬೆಳೆದು ಹಾಸಿಗೆ ಹಿಡಿದಿದ್ದಳು. ಡಾಕ್ಟರು ಬೇಸಿಗೆ ದಾಟುವುದು ಕಷ್ಟ ಅಂದಿದ್ದರು.

"ಹೋಗೋ ಮುಂಚೆ ತನ್ನವರು ಅಂತ ಯಾರಾದ್ರೂ ಇದ್ರಾ ಅಂತ ತಿಳ್ಕೋಬೇಕಂತೆ," ಅಂದ ಫರ್ಗಸ್. "ನಾನೊಬ್ಬ ಇದೀನಲ್ಲ ಅಂದೆ. ನೀನು ಲೆಕ್ಕಕ್ಕಿಲ್ಲ ಸುಮ್ನಿರೋ ಅಂದ್ಲು."

ಕಾಗದ ಎಫಿಯ ಜನನ ಪತ್ರ. ಲಿನೆಟ್ ಓದತೊಡಗಿದಳು. ತಾಯಿ, ಮನೆಗೆಲಸದ ಹುಡುಗಿ. ತಂದೆಯ ಹೆಸರಿನ ಜಾಗ ಖಾಲಿ. ಬೆರಳು ಹುಟ್ಟಿದ ತಾರೀಖಿನ ಹತ್ತಿರ ಬಂದು ನಿಂತಿತು. ತಾರೀಖಿನ ಕೆಳಗೆ ಹುಟ್ಟಿದ ಗಂಟೆಯನ್ನೂ ಬರೆದಿದ್ದರು. ಅವಳ ಮುಖ ಅರಳಿದ್ದನ್ನು ಫರ್ಗಸ್ ಕಣ್ಣು ಮಿಟುಕಿಸದೆ ನೋಡಿದ.

"ನಿಮ್ಮಮ್ಮ ಅವಳಿ ಮಗು," ಅಂದಳು. "ಬರೀ ಒಂದು ಮಗು ಆದ್ರೆ ಗಂಟೆ ಬರೆಯೋದಿಲ್ಲ. ಅವಳಿ ಇದ್ರೆ ಮಾತ್ರ, ಯಾರು ಮೊದಲು ಅಂತ ಗೊತ್ತಾಗಲಿ ಅಂತ ಬರೀತಾರೆ."

ಇಂಗ್ಲೆಂಡಿನಲ್ಲಿ ಅದು ನಿಜ. ಕಾಗದ ಸ್ಕಾಟ್ಲೆಂಡಿನದು ಎಂಬುದು ಅವಳ ಕಣ್ಣಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ.

ಆ ಸುದ್ದಿ ಕೇಳಿ ಎಫಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಲಿನೆಟ್‌ಳನ್ನು ಮನೆಗೆ ಕರೆಸಿ, ಕೈ ಹಿಡಿದುಕೊಂಡು ಬಿಡಲೇ ಇಲ್ಲ. "ನನಗೆ ಗೊತ್ತಿತ್ತು ಕಣೇ. ಚಿಕ್ಕೋಳಿದ್ದಾಗಿಂದ ಹಾಸಿಗೇಲಿ ಒಂದು ಪಕ್ಕ ಖಾಲಿ ಬಿಟ್ಟೇ ಮಲಗ್ತಿದ್ದೆ. ಯಾಕೆ ಅಂತ ಈಗ ತಿಳೀತು." ಆವತ್ತೇ ಉಣ್ಣೆ ತರಿಸಿ, ಉಸಿರು ಸಾಲದಿದ್ದರೂ, ಇನ್ನೂ ಸಿಗದ ಅಕ್ಕನಿಗೋ ತಂಗಿಗೋ ನೀಲಿ ಕಾರ್ಡಿಗನ್ ಹೆಣೆಯಲು ಕೂತಳು. ಯಾರೂ ಇಲ್ಲದಾಗ ಆ ಕಾಣದವಳ ಜೊತೆ ಮಾತಾಡುತ್ತಿದ್ದಳು ಕೂಡ.

ಲಿನೆಟ್ ಗುಂಗು ಹಿಡಿದವಳ ಹಾಗೆ ಸ್ಕಾಟ್ಲೆಂಡಿನ ಜನನ ನೋಂದಣಿ ಕಚೇರಿಗೆ ಕಾಗದ ಬರೆದಳು. ಉತ್ತರ ಬರುವ ತನಕ ಫರ್ಗಸನ ಬಸ್ಸು ಅವಳ ಸ್ಟಾಪಿನಲ್ಲಿ ಸ್ವಲ್ಪ ಹೆಚ್ಚೇ ನಿಲ್ಲುತ್ತಿತ್ತು.

"ಲೇಟಾಯ್ತು, ಹೊರಡು," ಎಂದು ಹಿಂದಿನ ಸೀಟಿನ ಹೆಂಗಸರು ಕೂಗುತ್ತಿದ್ದರು.

"ಬ್ರೇಕು ಹಿಡ್ಕೊಂಡಿದೆ," ಎನ್ನುತ್ತಿದ್ದ ಫರ್ಗಸ್, ಕನ್ನಡಿಯಲ್ಲಿ ಲಿನೆಟ್‌ಳನ್ನೇ ನೋಡುತ್ತ.

"ಹಿಡ್ಕೊಂಡಿರೋದು ಬ್ರೇಕಲ್ಲ ಬಿಡು," ಎಂದು ಅವರು ನಗುತ್ತಿದ್ದರು. ಒಂದು ಸಂಜೆ ಎಫಿಯ ಅಡುಗೆಮನೆಯಲ್ಲಿ, ಸೂಪು ಉಕ್ಕಿ ಒಲೆಗೆ ಚೆಲ್ಲುತ್ತಿರುವಾಗ, ಅವನು ಅವಳಿಗೆ ಮುತ್ತಿಟ್ಟ. ಇಬ್ಬರೂ ಒಲೆ ಆರಿಸಲಿಲ್ಲ.

"ಸೀದ ವಾಸನೆ ಬರ್ತಿದೆ," ಎಂದು ಒಳಗಿನಿಂದ ಎಫಿ ಕೆಮ್ಮುತ್ತ ಹೇಳಿದಳು. "ನಡೀಲಿ, ನಡೀಲಿ."

ಸ್ಕಾಟ್ಲೆಂಡಿನಿಂದ ಫೋನ್ ಬಂತು. ಆ ದಿನ, ಆ ಊರಿನಲ್ಲಿ, ಆ ತಾಯಿಗೆ ಬೇರೆ ಮಗು ಹುಟ್ಟಿಲ್ಲ. ಆದರೆ ಗಂಟೆ ಬರೆದಿದ್ದಾರಲ್ಲ ಎಂದಳು ಲಿನೆಟ್. ಆ ಕಡೆಯ ಗುಮಾಸ್ತ ಸಮಾಧಾನದಿಂದಲೇ ಹೇಳಿದ: "ನಮ್ಮಲ್ಲಿ ಎಲ್ರಿಗೂ ಬರೀತೀವಮ್ಮ. ಒಂದಿರಲಿ, ಎರಡಿರಲಿ. ಮೊದಲಿಂದ ಹಾಗೇ."

ಲಿನೆಟ್ ರಿಸೀವರ್ ಇಟ್ಟ ಮೇಲೂ ಅಲ್ಲೇ ನಿಂತಿದ್ದಳು.

ಬಸ್ ಡಿಪೋದ ಕ್ಯಾಂಟೀನಿನಲ್ಲಿ ಫರ್ಗಸನಿಗೆ ಹೇಳಿದಳು. ಅವನು ಚಹಾ ಕಪ್ಪನ್ನು ಕೆಳಗಿಟ್ಟ.

"ಅಮ್ಮನಿಗೆ ಹೇಳ್ಬೇಡ. ಸಿಕ್ಕಿದ್ಲು, ಆದ್ರೆ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಾಳೆ ಅಂದ್ಬಿಡು."

"ಹುಟ್ಟದೇ ಇರೋಳನ್ನ ಹೇಗೆ ಸಾಯಿಸ್ಲಿ, ಫರ್ಗಸ್?"

"ಹುಟ್ಟಿಸಿದ್ದು ನೀನೇ ಅಲ್ವಾ."

ಲಿನೆಟ್ ಸುಳ್ಳನ್ನೇ ಹೇಳೋಣ ಎಂದು ಮನಸ್ಸು ಗಟ್ಟಿ ಮಾಡಿಕೊಂಡೇ ಅವನ ಹಿಂದೆ ಮನೆಗೆ ಹೋದಳು. ಎಫಿ ಮುಗಿದ ಕಾರ್ಡಿಗನ್ನಿಗೆ ಗುಂಡಿ ಹೊಲಿಯುತ್ತಿದ್ದಳು. ತಲೆಯೆತ್ತಿ, "ಸಿಕ್ಕಿದ್ಲಾ?" ಎಂದಳು. ಆ ಕಣ್ಣು ನೋಡಿದ ಮೇಲೆ ಲಿನೆಟ್‌ಗೆ ಸುಳ್ಳು ಹೇಳಲಾಗಲಿಲ್ಲ. ತನ್ನ ತಪ್ಪನ್ನು ಇದ್ದದ್ದು ಇದ್ದ ಹಾಗೆ ಒಪ್ಪಿಸಿದಳು.

ಎಫಿ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. "ಹಾಗಾದ್ರೆ ಇಷ್ಟು ದಿನ ನಾನು ಯಾರ ಹತ್ರ ಮಾತಾಡ್ತಿದ್ದೆ?" ಎಂದು ಕೇಳಿ, ಗೋಡೆ ಕಡೆ ತಿರುಗಿ ಮಲಗಿದಳು.

ಫರ್ಗಸ್ ಬಾಗಿಲು ತೆರೆದು ಹಿಡಿದ. "ಇನ್ನು ಈ ಕಡೆ ತಲೆ ಹಾಕ್ಬೇಡ," ಎಂದ. ಆವತ್ತಿನಿಂದ ಬಸ್ಸು ಅವಳ ಸ್ಟಾಪಿನಲ್ಲಿ ಕಾಟಾಚಾರಕ್ಕೆ ನಿಂತು ಹೊರಟುಬಿಡುತ್ತಿತ್ತು.

ಲಿನೆಟ್‌ಗೆ ಮತ್ತೆ ಕರೆ ಕಳಿಸಿದವಳು ಎಫಿಯೇ. ಮಗ ಡ್ಯೂಟಿಗೆ ಹೋದ ಹೊತ್ತು ನೋಡಿ, ಪಕ್ಕದ ಮನೆಯವಳ ಕೈಯಲ್ಲಿ ಫೋನ್ ಮಾಡಿಸಿದ್ದಳು. ಅಷ್ಟರಲ್ಲಿ ಅರ್ಧಕ್ಕರ್ಧ ಇಳಿದುಹೋಗಿದ್ದಳು.

"ಆ ಕಾಗದ ತಗೋ," ಎಂದಳು. "ಪೂರ್ತಿ ಓದು. ಅವತ್ತು ಗಂಟೆ ನೋಡಿ ಕುಣಿದ್ಬಿಟ್ಟೆ, ಕೆಳಗಡೆ ಓದಲೇ ಇಲ್ಲ ನೀನು."

ನಿಜವೇ. ಲಿನೆಟ್ ಕೊನೆಯ ಸಾಲು ಓದಿದಳು. ಮಾಹಿತಿ ಕೊಟ್ಟವರು: ಗ್ರಿಜಲ್ ಇಮ್ರಿ, ಮನೆ ಒಡತಿ. ಅದರ ಪಕ್ಕದಲ್ಲಿ 'ಹಾಜರಿದ್ದರು' ಎಂದಿತ್ತು.

"ಹಂಗಂದ್ರೆ?"

"ನೀವು ಹುಟ್ಟೋವಾಗ ಈಕೆ ಪಕ್ಕದಲ್ಲಿದ್ರು. ಆಮೇಲೆ ಆಫೀಸಿಗೆ ಹೋಗಿ, ಹೀಗೊಂದು ಮಗು ಹುಟ್ಟಿದೆ, ನಾನು ಕಣ್ಣಾರೆ ಕಂಡೆ ಅಂತ ಬರೆಸಿದ್ದಾರೆ."

"ನೆಂಟಳಾ?"

"ಅಲ್ಲ, ಎಫಿ. ನಿಮ್ಮಮ್ಮ ಬಾಡಿಗೆಗಿದ್ದ ಮನೆಯವರು, ಅಷ್ಟೇ. ಇನ್ನೇನೂ ಗೊತ್ತಿಲ್ಲ." ಈ ಸಲ ಅವಳು ಒಂದಕ್ಷರವೂ ಸೇರಿಸಲಿಲ್ಲ.

ಎಫಿ ಕಣ್ಣು ಮುಚ್ಚಿದಳು. ನೀರು ಕಿವಿಯ ಕಡೆಗೆ ಇಳಿಯಿತು. "ಆ ಹುಡುಗಿ ಒಬ್ಬಳೇ ನರಳಿ ನನ್ನ ಹೆತ್ತಿರ್ತಾಳೆ ಅಂದ್ಕೊಂಡಿದ್ದೆ ಕಣೇ. ಒಬ್ಬಳಾದ್ರೂ ಇದ್ಲಲ್ಲ." ಆಮೇಲೆ ಕಾಲಬುಡದಲ್ಲಿದ್ದ ಕಾರ್ಡಿಗನ್ ತೋರಿಸಿ, "ಅದನ್ನ ನೀನೇ ಹಾಕ್ಕೋ. ದಿನಾ ಬಾ. ಮಾಡಿದ್ದಕ್ಕೆ ಅದೇ ನಿನಗೆ ಶಿಕ್ಷೆ," ಎಂದಳು.

ಲಿನೆಟ್ ದಿನಾ ಹೋದಳು. ಫರ್ಗಸ್ ಹೊರಟ ಮೇಲೆ ಹೋಗಿ, ಬರುವ ಮುಂಚೆ ಎದ್ದು ಬರುತ್ತಿದ್ದಳು. ಎಫಿಯ ಬೆನ್ನು ಒರೆಸಿ, ತುಟಿಗೆ ಚಹಾ ಹಿಡಿದು, ತಾನೂ ಒಂದು ಕಪ್ಪು ಕುಡಿಯುತ್ತಿದ್ದಳು. ಎಫಿ ಸತ್ತದ್ದು ಒಂದು ಮಧ್ಯಾಹ್ನ. ಫರ್ಗಸನ ಬಸ್ಸು ಪಕ್ಕದ ಕೆಟರಿಂಗ್ ಊರಿನಲ್ಲಿತ್ತು. ಕೊನೆಗೆ ಎಫಿಗೆ ಉಸಿರು ಸಿಗದೆ ತುಂಬ ಕಷ್ಟವಾಯಿತು, ಅದು ನೋಡುವಂಥ ಸಾವಲ್ಲ. ಲಿನೆಟ್ ಹಾಸಿಗೆಯ ಖಾಲಿ ಪಕ್ಕದಲ್ಲಿ ಮಲಗಿ ಅವಳನ್ನು ಅಪ್ಪಿಕೊಂಡಿದ್ದಳು. ಫರ್ಗಸ್ ಓಡಿ ಬಂದಾಗ, ಎದ್ದು ಹೊರಗೆ ನಡೆದಳು.

ಎರಡು ದಿನ ಬಿಟ್ಟು ಅವನು ಅವಳ ಬಾಗಿಲು ತಟ್ಟಿದ. ಗಡ್ಡ ಬೋಳಿಸಿರಲಿಲ್ಲ.

"ಕೋಟು ಹಾಕ್ಕೋ. ಸಾವು ಬರೆಸೋಕೆ ಹೋಗ್ಬೇಕು."

"ನಾನ್ಯಾಕೆ?"

"ಸಿಂಕಿನಲ್ಲಿ ದಿನಾ ಎರಡು ಕಪ್ಪು ಕಾಣ್ತಿತ್ತು," ಎಂದ ಫರ್ಗಸ್. "ನಾನೇನು ಕುರುಡನಾ?"

"ಮತ್ತೆ ಯಾಕೆ ಸುಮ್ನಿದ್ದೆ?"

"ಕೇಳಿದ್ರೆ ಬರೋದು ನಿಲ್ಲಿಸಿಬಿಡ್ತೀಯ ಅಂತ."

ರಿಜಿಸ್ಟ್ರಾರ್ ಹೆಂಗಸು ಡಾಕ್ಟರ ಚೀಟಿ ನೋಡಿ, ಪೆನ್ನನ್ನು ಫರ್ಗಸನ ಕಡೆ ಚಾಚಿದಳು. "ಮಗ ಅಲ್ವಾ? ನೀವೇ ಸಹಿ ಮಾಡಿ."

"ಮಗ ಹೌದು. ಆದ್ರೆ ಸಾಯೋವಾಗ ನಾನಿರ್ಲಿಲ್ಲ. ಇವಳಿದ್ಲು. ಇವಳು ಮಾಡಬಹುದು ತಾನೇ?"

"ಮಾಡಬಹುದು," ಎಂದು ಆಕೆ ಲಿನೆಟ್ ಕಡೆ ತಿರುಗಿದಳು. "ತೀರಿಕೊಂಡವರಿಗೆ ನೀವೇನಾಗಬೇಕು?"

"ಏನೂ ಆಗಬೇಕಿಲ್ಲ," ಎಂದಳು ಲಿನೆಟ್. ತೋಳು ಮೋಟಾದ ನೀಲಿ ಕಾರ್ಡಿಗನ್ನನ್ನು ಸುಮ್ಮನೆ ಎಳೆದುಕೊಂಡಳು.

"ಹಾಜರಿದ್ದಳು ಅಂತ ಬರೀರಿ," ಎಂದ ಫರ್ಗಸ್.

ಅವಳು ಸಹಿ ಮಾಡಿದಳು. ಅಕ್ಷರ ಕಣ್ಣಿಗೆ ಕಾಣುತ್ತಿರಲಿಲ್ಲ, ಅಂದಾಜಿನ ಮೇಲೆ ಬರೆದಳು. ಹೊರಗೆ ಬಂದು ಬಸ್ ಸ್ಟಾಪಿನ ಬೆಂಚಿನಲ್ಲಿ ಇಬ್ಬರೂ ನಡುವೆ ಜಾಗ ಬಿಟ್ಟು ಕೂತರು.

"ನನಗಿನ್ನೂ ಕೋಪ ಹೋಗಿಲ್ಲ," ಎಂದ ಅವನು.

"ಗೊತ್ತು."

"ಬೇಗ ಹೋಗೋ ಹಾಗೂ ಕಾಣ್ತಿಲ್ಲ. ಅಲ್ಲೀವರೆಗೂ ಇರ್ತೀಯಾ?"

ಲಿನೆಟ್ ಸರಿದು ಆ ಖಾಲಿ ಜಾಗದಲ್ಲಿ ಕೂತಳು. "ಇರ್ತೀನಿ," ಎಂದಳು. ಬಸ್ಸು ಬಂತು. ಹತ್ತುವವರೆಲ್ಲ ಹತ್ತಿದರು, ಬಸ್ಸು ಹೋಯಿತು, ಇವರಿಬ್ಬರೂ ಏಳಲಿಲ್ಲ.